ಕಲಬುರಗಿಯಿಂದ ಬೀದರಿಗೆ, ವಾಯಾ ಬೆಂಗಳೂರು

ಶ್ರೀನಿವಾಸ ಸರಡಗಿಯಲ್ಲಿರುವ ಕಲಬುರಗಿ ವಿಮಾನ ನಿಲ್ದಾಣದಿಂದ ಬೀದರಿನ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೆಟ್ಟಗೆ ಗೆರೆ ಎಳೆದರೆ ಸುಮಾರು 87 ಕಿಲೋಮೀಟರ್ ಆಗುತ್ತದೆ. ಎರಡೂ ಕರ್ನಾಟಕದ ಉತ್ತರ ತುದಿಯ ನಿಲ್ದಾಣಗಳು. ಒಂದು 2019ರ ನವೆಂಬರಿನಲ್ಲಿ ಶುರುವಾಯಿತು, ಇನ್ನೊಂದು 2020ರ ಫೆಬ್ರವರಿಯಲ್ಲಿ. ಓರಗೆಯ ಈ ನಿಲ್ದಾಣಗಳ ನಡುವೆ ನೇರ ವಿಮಾನ ಓಡುವುದಿಲ್ಲ. ಎರಡೂ ಊರಿಗೆ ಬೆಂಗಳೂರಿನಿಂದ ವಿಮಾನ ಇದ್ದ ದಿನಗಳಲ್ಲಿ, ನಾನು ಹೋದರೆ ವಿಮಾನದಲ್ಲೇ ಹೋಗುವವನು ಎಂದು ಹಟ ಹಿಡಿದವರು ಕಲಬುರಗಿಯಿಂದ ತೆಂಕಣಕ್ಕೆ 462 ಕಿಲೋಮೀಟರ್ ಹಾರಿ ಬೆಂಗಳೂರಿಗೆ ಬಂದು, ಅಲ್ಲಿ ಗಂಟೆಗಟ್ಟಲೆ ಕೂತು, ಮತ್ತೆ ಬಡಗಣಕ್ಕೆ 521 ಕಿಲೋಮೀಟರ್ ಹಾರಿ ಬೀದರಿನಲ್ಲಿ ಇಳಿಯಬೇಕಿತ್ತು. ಒಟ್ಟು 983 ಕಿಲೋಮೀಟರ್. ಹಾಗೆ ಹೋದ ಪುಣ್ಯಾತ್ಮರು ಯಾರೂ ನನಗೆ ಸಿಕ್ಕಿಲ್ಲ. ಆದರೆ ವಿಮಾನದಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಕೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ.

ನಾನು ಹುಟ್ಟಿದ್ದು ಬೀದರ್ ಜಿಲ್ಲೆಯಲ್ಲಿ, ಹೊಟ್ಟೆಪಾಡು ಎಣ್ಣೂರಿನಲ್ಲಿ. ಎಣ್ಣೂರು ಎಂದರೆ ಚೆನ್ನೈ ಮಹಾನಗರದ ಉತ್ತರದ ಅಂಚು. ಕೊಸಸ್ತಲೈ ನದಿ ಕಡಲು ಸೇರುವ ಅಳಿವೆ, 1948ರಿಂದ ಬೆಳೆದು ಬಂದ ಲಾರಿ ಕಾರ್ಖಾನೆ, ಕಲ್ಲಿದ್ದಲಿಗೆಂದೇ 2001ರಲ್ಲಿ ತೆರೆದು ಈಗ ಕಾಮರಾಜರ್ ಹೆಸರು ಹೊತ್ತಿರುವ ಬಂದರು, ವಿದ್ಯುತ್ ಸ್ಥಾವರದ ಹೊಗೆಗೊಳವೆಗಳು, ಇವು ನಮ್ಮ ನೆರೆಹೊರೆ. ಬಳಗದ ಅರ್ಧ ಮಂದಿ ಬೀದರಿನಲ್ಲಿ, ಇನ್ನರ್ಧ ಕಲಬುರಗಿಯಲ್ಲಿ. ಅಣ್ಣನ ಮಗ ಫೋನು ಮಾಡಿದಾಗೆಲ್ಲ ಒಂದೇ ಮಾತು: “ಕಾಕಾ, ಮದರಾಸಿನಿಂದ ಬೀದರಿಗೆ ವಿಮಾನದಾಗ ಎಷ್ಟ್ ಹೊತ್ತ ಆಗ್ತದ?” ಮೊಬೈಲಿನಲ್ಲಿ ದೂರ ನೋಡಿರುತ್ತಾನೆ, ವಿಮಾನದ ವೇಗ ನೋಡಿರುತ್ತಾನೆ, ಒಂದನ್ನು ಇನ್ನೊಂದರಿಂದ ಭಾಗಿಸಿ ಮುಕ್ಕಾಲು ಗಂಟೆ ಎಂದು ಉತ್ತರವನ್ನೂ ತಾನೇ ಹೇಳುತ್ತಾನೆ. ಆ ಮುಕ್ಕಾಲು ಗಂಟೆ ದಿನದಲ್ಲಿ ಎಲ್ಲಿ ಕರಗಿ ಹೋಗುತ್ತದೆ ಎಂಬುದೇ ಇವತ್ತಿನ ಮಾತು.

ಮೊದಲು ದೂರದ ವಿಷಯ. ಇದು ಹೈಸ್ಕೂಲಿನ ಲೆಕ್ಕ. ಭೂಮಿಯ ಮೇಲೆ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ಡಿಗ್ರಿಯನ್ನು 60 ಪಾಲು ಮಾಡಿ ಒಂದು ಪಾಲನ್ನು ಮೈಲಿ ಎಂದು ಎಣಿಸಿದವರು ನಾವಿಕರು, ಅದೇ 1.852 ಕಿಲೋಮೀಟರಿನ ನಾಟಿಕಲ್ ಮೈಲಿ. ನಮ್ಮ ಬಂದರಿಗೆ ಕಲ್ಲಿದ್ದಲು ತರುವ ಹಡಗಿನವರೂ ಅದರಲ್ಲೇ ಮಾತಾಡುತ್ತಾರೆ, ಮೇಲೆ ಹಾರುವ ಪೈಲಟ್ಟೂ ಅದರಲ್ಲೇ ಮಾತಾಡುತ್ತಾನೆ. ಕಲಬುರಗಿಯ ನಿಲ್ದಾಣಕ್ಕಿಂತ ಬೀದರಿನದು 36 ಪಾಲು ಉತ್ತರಕ್ಕಿದೆ, ಅಂದರೆ 66 ಕಿಲೋಮೀಟರಿನಷ್ಟು. ಪೂರ್ವಕ್ಕೆ ಅರ್ಧ ಡಿಗ್ರಿಗೂ ತುಸು ಹೆಚ್ಚು. ಆದರೆ ರೇಖಾಂಶದ ಡಿಗ್ರಿ ಎಲ್ಲೆಡೆ ಒಂದೇ ಅಗಲವಲ್ಲ; ಧ್ರುವದತ್ತ ಹೋದಂತೆ ಕಿರಿದಾಗುತ್ತದೆ. ಬೀದರಿನ ಅಕ್ಷಾಂಶದಲ್ಲಿ ಅದು 106 ಕಿಲೋಮೀಟರ್. ಹಾಗಾಗಿ ಪೂರ್ವದ ಸರಿತ 56 ಕಿಲೋಮೀಟರ್. ಈ ಎರಡನ್ನೂ ಲಂಬಕೋನ ತ್ರಿಭುಜದ ಬಾಹುಗಳೆಂದು ಇಟ್ಟು ಕರ್ಣ ತೆಗೆದರೆ 87 ಬರುತ್ತದೆ. ಚೆನ್ನೈ ಬೀದರಿನಷ್ಟು ದೂರಕ್ಕೂ ಈ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಖಂಡ ದಾಟುವ ಹಾದಿಗೆ ಮಾತ್ರ ಭೂಮಿಯ ಗುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಮಾತು ಹೇಳುವಾಗ ನನಗೆ ಚೆನ್ನೈ ವಿಮಾನ ನಿಲ್ದಾಣದ ಪಕ್ಕದ ಗುಡ್ಡ ನೆನಪಾಗದೆ ಇರುವುದಿಲ್ಲ. ತಮಿಳಿನವರು ಪರಂಗಿಮಲೈ ಎನ್ನುವ ಸೇಂಟ್ ಥಾಮಸ್ ಮೌಂಟ್. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಆ ಗುಡ್ಡದ ಬಳಿ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಅಳೆಯಲು ಶುರುಮಾಡಿದ. ಶ್ರೀರಂಗಪಟ್ಟಣದ ಕೊನೆಯ ಯುದ್ಧದಲ್ಲಿ ಇದ್ದವನು ಈತ. ಏಳೂವರೆ ಮೈಲಿಯ ಆ ಒಂದು ಗೆರೆಯನ್ನು ನೆಲದ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಳೆದದ್ದು, ಮಿಕ್ಕ ಇಂಡಿಯಾವನ್ನು ತ್ರಿಕೋನಗಳಿಂದ ಅಳೆಯುವುದಕ್ಕಾಗಿ. ಅರ್ಧ ಟನ್ ತೂಗುವ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟದ ಮೇಲಕ್ಕೂ ಗೋಪುರದ ಮೇಲಕ್ಕೂ ಹೊರಿಸಿ ಕೋನ ಹಿಡಿಯುತ್ತಾ ಆತ ಬೆಂಗಳೂರಿಗೆ ಬಂದ, ಕನ್ಯಾಕುಮಾರಿಯತ್ತ ಇಳಿದ, ಮತ್ತೆ ಉತ್ತರಕ್ಕೆ ಹತ್ತಿದ. ತ್ರಿಕೋನದ ಲೆಕ್ಕ ದಾರಿಯಲ್ಲಿ ಜಾರಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅಲ್ಲಲ್ಲಿ ಮತ್ತೆ ಸರಪಳಿ ಹಾಸಬೇಕಿತ್ತು. ಹಾಗೆ ಹಾಸಿದ ಜಾಗಗಳಲ್ಲಿ ಒಂದು, 1815ರಲ್ಲಿ, ನಮ್ಮ ಬೀದರ್ ಸೀಮೆ.

ಅಂದರೆ ಇವತ್ತು ಚೆನ್ನೈಯ ಈ ಮೀನಂಬಾಕ್ಕಂ ನಿಲ್ದಾಣದಲ್ಲಿ ವಿಮಾನ ಹತ್ತಿ ಬೀದರಿನತ್ತ ಹೊರಡುವವನು, ಇಂಡಿಯಾದ ನೆಲದಲ್ಲಿ ಮೊದಮೊದಲು ಸರಿಯಾಗಿ ಅಳತೆಯಾದ ಎರಡು ಜಾಗಗಳ ನಡುವೆ ಓಡಾಡುತ್ತಿರುತ್ತಾನೆ. ದೂರದ ಬಗ್ಗೆ ಇನ್ನೂರು ವರ್ಷದಿಂದ ತಕರಾರಿಲ್ಲ. ತಕರಾರೆಲ್ಲ ಹೊತ್ತಿನದು.

ವಿಮಾನ ಕಂಪನಿ ವೇಳಾಪಟ್ಟಿಯಲ್ಲಿ ಅಚ್ಚು ಹಾಕುವ ಸಮಯವನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಚಕ್ರಕ್ಕೆ ಕೊಟ್ಟಿದ್ದ ಅಡ್ಡೆ ತೆಗೆದ ಕ್ಷಣದಿಂದ ಅತ್ತ ಕಡೆ ಇಳಿದು ನಿಂತು ಮತ್ತೆ ಅಡ್ಡೆ ಕೊಡುವ ಕ್ಷಣದವರೆಗೆ. ಇದರಲ್ಲಿ ಗಾಳಿಯಲ್ಲಿರುವುದು ಒಂದು ಪಾಲು ಮಾತ್ರ. ಹಿಂದಕ್ಕೆ ತಳ್ಳಿಸಿಕೊಳ್ಳಬೇಕು, ಇಂಜಿನ್ ಹಚ್ಚಬೇಕು, ರನ್‌ವೇ ತುದಿಯವರೆಗೆ ತೆವಳಬೇಕು, ಮುಂದಿನ ಮೂರು ವಿಮಾನ ಹೋಗುವ ತನಕ ಕಾಯಬೇಕು. ಮೇಲೆದ್ದ ಮೇಲೂ ಹೋಗಬೇಕಾದ ದಿಕ್ಕಿಗೇ ಮೂಗು ಇರುತ್ತದೆ ಎಂದು ಹೇಳಲಾಗದು. ಮೀನಂಬಾಕ್ಕಂನಲ್ಲಿ ಕಡಲಗಾಳಿ ಬೀಸುವಾಗ ವಿಮಾನ ಗಾಳಿಗೆ ಎದುರಾಗಿ ಕಡಲಿನತ್ತ ಏರಿ ಬಳಿಕ ಪಶ್ಚಿಮಕ್ಕೆ ತಿರುಗುತ್ತದೆ. ಬೆಂಗಳೂರು ಬೆನ್ನ ಹಿಂದೆ, ನಾವು ಬಂಗಾಳ ಕೊಲ್ಲಿಯ ಮೇಲೆ.

ಈ ಖರ್ಚೆಲ್ಲ ದೂರ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆದ್ದರಿಂದ ಚೆನ್ನೈಯಿಂದ ಬೆಂಗಳೂರಿಗೆ 268 ಕಿಲೋಮೀಟರಿಗೂ ವೇಳಾಪಟ್ಟಿ ಒಂದು ಗಂಟೆ, ಒಂದು ಗಂಟೆ ಹತ್ತು ನಿಮಿಷ ಎನ್ನುತ್ತದೆ. ಬೆಂಗಳೂರಿನಿಂದ ಬೀದರಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ದೂರವನ್ನು ಜೆಟ್ ವಿಮಾನ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ. ದೂರ ದುಪ್ಪಟ್ಟಾದರೂ ಹೊತ್ತು ಕಾಲು ಗಂಟೆಗಿಂತ ಹೆಚ್ಚು ಏರಲಿಲ್ಲ. ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ ಆದರೆ ಒಂದೂವರೆ ಗಂಟೆ ದಾಟೀತು.

ಇನ್ನು ಕಲಬುರಗಿ ಬೀದರಿನ 87 ಕಿಲೋಮೀಟರ್ ತೆಗೆದುಕೊಳ್ಳಿ. ಇಳಿಯುವುದಕ್ಕೆ ಪೈಲಟ್ಟುಗಳ ಬಳಿ ಒಂದು ಕೈಲೆಕ್ಕ ಇದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. 30,000 ಅಡಿಯಲ್ಲಿ ಹಾರುವ ಜೆಟ್ಟು ಗಮ್ಯಕ್ಕೆ 90 ನಾಟಿಕಲ್ ಮೈಲಿ, ಅಂದರೆ 167 ಕಿಲೋಮೀಟರ್ ಇರುವಾಗಲೇ ಇಳಿಯಲು ತೊಡಗಬೇಕು. ಈ ಎತ್ತರದಿಂದ ಬೀದರಿಗೆ ಇಳಿಯಬೇಕಾದರೆ ಕಲಬುರಗಿಯನ್ನು ಬಿಡುವ ಮೊದಲೇ ಇಳಿಯಲು ಶುರುಮಾಡಬೇಕಾಗುತ್ತದೆ! ಆದ್ದರಿಂದ ಅಂಥ ಹಾದಿಯಲ್ಲಿ ಎಂಟು ಹತ್ತು ಸಾವಿರ ಅಡಿಯಲ್ಲೇ, ದಪ್ಪ ಗಾಳಿಯನ್ನು ಸೀಳುತ್ತಾ, ಎಣ್ಣೆ ಸುರಿಯುತ್ತಾ ಹೋಗಬೇಕು. ಹಾರುವುದು ಇಪ್ಪತ್ತು ನಿಮಿಷ, ಒಟ್ಟು ಮುಕ್ಕಾಲು ಗಂಟೆಯ ಹತ್ತಿರ. ಗಾಲಿ, ಬ್ರೇಕು, ಇಂಜಿನ್ ಇವುಗಳ ಸವೆತವನ್ನು ಎಣಿಸುವುದು ಮೈಲಿಗಳಿಂದಷ್ಟೇ ಅಲ್ಲ, ಎಷ್ಟು ಸಲ ಏರಿತು ಎಷ್ಟು ಸಲ ಇಳಿಯಿತು ಎಂಬುದರಿಂದಲೂ. 87 ಕಿಲೋಮೀಟರಿಗೆ ಒಂದು ಏರಿಕೆ, ಒಂದು ಇಳಿಕೆ ಖರ್ಚು ಹಾಕುವ ಕಂಪನಿ ಲೆಕ್ಕಪತ್ರ ನೋಡುವುದನ್ನೇ ಬಿಟ್ಟಿರಬೇಕು.

ಅಣ್ಣನ ಮಗ ಇದನ್ನೆಲ್ಲ ಕೇಳಿ, “ಸರಿ ಕಾಕಾ, ನಿಮ್ಮ ಮನಿಯಿಂದ ನಮ್ಮ ಮನಿಗಿ ಹೇಳ್ರಿ” ಎಂದ. ನ್ಯಾಯವಾದ ಪ್ರಶ್ನೆ.

ಎಣ್ಣೂರಿನಿಂದ ಮೀನಂಬಾಕ್ಕಂಗೆ ಆಕಾಶದ ಗೆರೆ 30 ಕಿಲೋಮೀಟರ್. ವಿಮಾನ ಪೂರ್ತಿ ವೇಗದಲ್ಲಿದ್ದರೆ ಎರಡೂವರೆ ನಿಮಿಷದ ಹಾದಿ. ನಮಗೆ? ಊರಿನ ಈ ತುದಿಯಿಂದ ಆ ತುದಿ. ಕಂಟೇನರ್ ಲಾರಿಗಳ ಸಾಲು ಎದುರಾದರೆ ಎರಡು ಗಂಟೆಗೂ ಖಾತರಿ ಇಲ್ಲ. 2021ರ ಫೆಬ್ರವರಿಯಲ್ಲಿ ಮೆಟ್ರೋ ರೈಲು ವಿಮ್ಕೋ ನಗರದವರೆಗೆ ಬಂದ ಮೇಲೆ ಜೀವ ಬಂದ ಹಾಗಾಯಿತು. ಎಣ್ಣೂರಿನಿಂದ ಆಟೋದಲ್ಲಿ ವಿಮ್ಕೋ ನಗರ. ಅಲ್ಲಿಂದ ನೀಲಿ ಮಾರ್ಗದ ರೈಲು ತಿರುವೊಟ್ರಿಯೂರು, ವಣ್ಣಾರಪೇಟೆ, ಸೆಂಟ್ರಲ್, ಸೈದಾಪೇಟೆ, ಆಲಂದೂರು ಹಾದು ವಿಮಾನ ನಿಲ್ದಾಣದ ಬಾಗಿಲಿಗೇ ಬಿಡುತ್ತದೆ. ಸುಮಾರು ಒಂದು ಗಂಟೆ. ಅಂದರೆ ಚೆನ್ನೈಯಿಂದ ಬೆಂಗಳೂರಿಗೆ ಹಾರುವುದಕ್ಕೂ ವಿಮ್ಕೋ ನಗರದಿಂದ ಚೆನ್ನೈ ವಿಮಾನ ನಿಲ್ದಾಣ ಮುಟ್ಟುವುದಕ್ಕೂ ಒಂದೇ ಹೊತ್ತು. ಇದು ದೂರು ಅಲ್ಲ. ಮೆಟ್ರೋ ಗಡಿಯಾರ ನೋಡಿ ಓಡುತ್ತದೆ ಎಂಬುದೇ ದೊಡ್ಡದು. ಎರಡು ಗಂಟೆಯೋ ಮೂರೋ ಎಂದು ಗೊತ್ತಿಲ್ಲದವನು ನಾಲ್ಕು ಗಂಟೆ ಮೊದಲೇ ಮನೆ ಬಿಡುತ್ತಾನೆ.

ಈಗ ಕೂಡಿಸೋಣ. ಬೆಂಗಳೂರಿನ ಮೇಲೆ ಹೋಗುವುದಾದರೆ ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ, ನಿಲ್ದಾಣದಲ್ಲಿ ತಪಾಸಣೆ ಕಾಯುವಿಕೆ ಸೇರಿ ಇನ್ನೊಂದೂವರೆ, ಬೆಂಗಳೂರಿಗೆ ಒಂದು ಗಂಟೆ, ಅಲ್ಲಿ ಮುಂದಿನ ವಿಮಾನಕ್ಕೆ ಎರಡು ಮೂರು ಗಂಟೆ, ಬೀದರಿಗೆ ಒಂದೂಕಾಲು, ಇಳಿದು ಚೀಲ ತೆಗೆದುಕೊಂಡು ಮನೆ ಸೇರಲು ಮುಕ್ಕಾಲು. ಎಲ್ಲ ನೆಟ್ಟಗೆ ಆದರೆ ಎಂಟೂವರೆ ಗಂಟೆ. ಹೈದರಾಬಾದಿನ ಮೇಲೆ ಹೋದರೆ ಚೆನ್ನೈಯಿಂದ 505 ಕಿಲೋಮೀಟರ್ ಹಾರಿ ಶಂಷಾಬಾದಿನಲ್ಲಿ ಇಳಿದು, ಜಹೀರಾಬಾದಿನ ದಾರಿಯಲ್ಲಿ ರಸ್ತೆ ಹಿಡಿದು ಮೂರು ಗಂಟೆ. ಅಲ್ಲಿಗೂ ಒಟ್ಟು ಎಂಟು ಗಂಟೆಯೇ. ಎಣ್ಣೂರಿನಿಂದ ಬೀದರಿಗೆ ನೆಟ್ಟಗಿನ ದೂರ 600 ಕಿಲೋಮೀಟರ್. ಎಂಟೂವರೆ ಗಂಟೆಯಿಂದ ಭಾಗಿಸಿದರೆ ಗಂಟೆಗೆ 70 ಕಿಲೋಮೀಟರ್. ಒಳ್ಳೆಯ ಹೆದ್ದಾರಿಯಲ್ಲಿ ಒಂದು ಕೆಂಪು ಬಸ್ಸು ಓಡುವಷ್ಟು ವೇಗ.

ಬೇಸರವಾದಾಗ ನಾನು 1932ನ್ನು ನೆನೆಯುತ್ತೇನೆ. ಆ ವರ್ಷ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಒಂಟಿ ಇಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಟಪಾಲು ತಂದರು. ಪಠ್ಯಪುಸ್ತಕ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಟಪಾಲು ನಿಲ್ಲಲಿಲ್ಲ. ಟಾಟಾ ಅವರ ಜತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಮುಂಬಯಿಯಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಮದರಾಸಿಗೆ ಹಾರಿಸಿ ತಂದ. ಇಂಡಿಯಾದ ಮೊದಲ ಟಪಾಲು ವಿಮಾನಮಾರ್ಗಗಳಲ್ಲಿ ಒಂದು ನಮ್ಮ ಬಳ್ಳಾರಿಯ ಮೇಲೆ ಹೋಗುತ್ತಿತ್ತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಅಲ್ಲಿಂದ ಮದರಾಸಿಗೆ ನೆಟ್ಟಗೆ 430 ಕಿಲೋಮೀಟರ್. ಗಂಟೆಗೆ 160 ಕಿಲೋಮೀಟರ್ ಓಡುವ ಆ ವಿಮಾನಕ್ಕೆ ಮೂರು ಗಂಟೆಗೂ ಕಡಿಮೆ ಹಾದಿ. ಒಂದೆರಡು ಚೀಲ ಕಾಗದಗಳಿಗೆ ತಪಾಸಣೆ ಸಾಲು ಇರಲಿಲ್ಲ, ಬೋರ್ಡಿಂಗ್ ಪಾಸು ಇರಲಿಲ್ಲ, ಮುಂದಿನ ವಿಮಾನಕ್ಕೆ ಕಾಯುವ ಕುರ್ಚಿ ಇರಲಿಲ್ಲ. ತೊಂಬತ್ತು ವರ್ಷದ ಹಿಂದೆ ಬಳ್ಳಾರಿಯಿಂದ ಹೊರಟ ಒಂದು ಕಾಗದ ಇಂದಿನ ಬೀದರಿನ ಪ್ರಯಾಣಿಕನಿಗಿಂತ ಎರಡರಷ್ಟು ಚುರುಕಾಗಿ ಮದರಾಸು ತಲುಪುತ್ತಿತ್ತು ಎಂದರೆ ಉತ್ಪ್ರೇಕ್ಷೆ ಅಲ್ಲ.

ಕಲಬುರಗಿ ಬೀದರಿನ ನಡುವೆ ವಿಮಾನ ಏಕಿಲ್ಲ ಎಂಬುದಕ್ಕೆ ಎಣ್ಣೆಯ ಖರ್ಚು ಒಂದೇ ಕಾರಣವಲ್ಲ. ಕೇಂದ್ರ ಸರ್ಕಾರದ ಉಡಾನ್ ಯೋಜನೆ ಸಣ್ಣ ಊರುಗಳ ಹಾರಾಟಕ್ಕೆ ನಷ್ಟ ತುಂಬಿಕೊಡುತ್ತದೆ. ಗಂಟೆಯ ಹಾರಾಟಕ್ಕೆ, ಅಂದರೆ ಸುಮಾರು 500 ಕಿಲೋಮೀಟರಿಗೆ, ಅರ್ಧ ಸೀಟುಗಳ ದರ 2,500 ರೂಪಾಯಿ ಎಂದು ಕಟ್ಟುಮಾಡಿ ಶುರುವಾದ ಯೋಜನೆ. ಮೂಲ ನಿಯಮದಲ್ಲಿ 200ರಿಂದ 800 ಕಿಲೋಮೀಟರಿನ ಹಾದಿಗಳಿಗೆ ಮಾತ್ರ ನೆರವು. ಗುಡ್ಡಗಾಡು, ದ್ವೀಪ, ಗಡಿಸೀಮೆಗಳಿಗೆ ಕೆಳಮಿತಿ ಇಲ್ಲ. ಬೀದರ್ ಎಷ್ಟೇ ಹಿಂದುಳಿದಿದ್ದರೂ ಗುಡ್ಡಗಾಡಲ್ಲ, ಬಯಲು. ಬೆಂಗಳೂರಿನ ಹಾದಿಗೆ ನೆರವು ಸಿಕ್ಕಿತು, ಆದರೆ ಅದಕ್ಕೂ ಮೂರು ವರ್ಷದ ಗಡುವು. ಬೀದರಿನ ಕತೆ ಕೇಳಿ: 2020ರಲ್ಲಿ ಬಂದ ಟ್ರೂಜೆಟ್ ನಿಂತಿತು, 2022ರಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ಅದೂ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಇರುತ್ತದೋ ಇಲ್ಲವೋ ಎಂದು ಪ್ರತಿ ಸಲ ವಿಚಾರಿಸಿ ಹೊರಡಬೇಕಾದ ವಿಮಾನ, ಎಷ್ಟೇ ಬೇಗ ಹಾರಿದರೂ, ಮದುವೆ ಮುಹೂರ್ತಕ್ಕೆ ನಂಬುವ ಹಾಗಿಲ್ಲ.

ಬೀದರಿಗೆ ಇನ್ನೊಂದು ತೊಡಕು ಇತ್ತು, ಅದೂ ದೂರದ್ದೇ. ಹೈದರಾಬಾದಿನ ಹೊಸ ವಿಮಾನ ನಿಲ್ದಾಣ ಕಟ್ಟಿದ ಒಪ್ಪಂದದಲ್ಲಿ 150 ಕಿಲೋಮೀಟರಿನ ಸುತ್ತಿನೊಳಗೆ ಮತ್ತೊಂದು ನಿಲ್ದಾಣಕ್ಕೆ ತಡೆ. ಶಂಷಾಬಾದಿನಿಂದ ಬೀದರಿಗೆ ಆಕಾಶದ ಗೆರೆ 125 ಕಿಲೋಮೀಟರ್. ಆ 25 ಕಿಲೋಮೀಟರಿನ ಕೊರತೆಗೆ ಬೀದರ್ ವರ್ಷಗಟ್ಟಲೆ ಕಾಯಬೇಕಾಯಿತು. ಇಂಥದೇ ಷರತ್ತು ಬೆಂಗಳೂರಿಗೂ ಇದೆ, 2008ರಿಂದ 25 ವರ್ಷ. ಅದರಿಂದಾಗಿ ತಮಿಳುನಾಡಿನ ಹೊಸೂರಿನ ವಿಮಾನ ನಿಲ್ದಾಣದ ಆಸೆ ಇನ್ನೂ ಕಾಗದದಲ್ಲೇ ಇದೆ. ದೂರ ಅಳೆಯುವವರು ಲ್ಯಾಂಬ್ಟನ್ ಕಾಲದಲ್ಲಿ ಸೈನ್ಯದವರಾಗಿದ್ದರು, ಈಗ ವಕೀಲರು.

ವಿನೋದವೆಂದರೆ ಬೀದರಿನ ಆಕಾಶದಲ್ಲಿ ವಿಮಾನಕ್ಕೆ ಯಾವತ್ತೂ ಬರ ಬಂದದ್ದಿಲ್ಲ. ಅದು ವಾಯುಪಡೆಯ ತರಬೇತಿ ನೆಲೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲಿ. ಮೊದಲು ಬೆಂಗಳೂರಿನ ಎಚ್‌ಎಎಲ್ ಮಾಡಿದ ಕಿರಣ್ ವಿಮಾನಗಳಲ್ಲಿ, ಈಗ ಹಾಕ್ ವಿಮಾನಗಳಲ್ಲಿ ರೆಕ್ಕೆಗೆ ರೆಕ್ಕೆ ತಾಗಿಸುವಂತೆ ಒಂಬತ್ತು ವಿಮಾನ ಒಟ್ಟಿಗೆ ಹಾರಿಸುತ್ತಾರೆ. ನಾವು ಮಕ್ಕಳಾಗಿದ್ದಾಗ ಹೊಲದಲ್ಲಿ ತೊಗರಿ ಕೀಳುತ್ತಾ ತಲೆ ಎತ್ತಿ ನೋಡಿದರೆ ದಿನಕ್ಕೆ ಹತ್ತು ವಿಮಾನ ಕಾಣುತ್ತಿದ್ದವು. ನಮಗೆ ಕೂರಲು ಒಂದರಲ್ಲೂ ಜಾಗ ಇರಲಿಲ್ಲ, ಅಷ್ಟೆ. ಇವತ್ತಿಗೂ ನಾಗರಿಕ ವಿಮಾನ ಅಲ್ಲಿ ಒಕ್ಕಲು ಬಂದವನು. ರನ್‌ವೇಯ ಯಜಮಾನ ವಾಯುಪಡೆ. ತರಬೇತಿಯ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಬಂದು ಹೋಗಬೇಕು.

ಹಾಗಾದರೆ ಇಷ್ಟು ಕಡಿಮೆ ದೂರಕ್ಕೆ ವಿಮಾನ ಎಲ್ಲಾದರೂ ಓಡುತ್ತದೆಯೇ? ಓಡುತ್ತದೆ, ನಮ್ಮ ದೇಶದಲ್ಲೇ. 2022ರ ಏಪ್ರಿಲ್‌ನಲ್ಲಿ ಅಲಯನ್ಸ್ ಏರ್ ಅಸ್ಸಾಮಿನ ದಿಬ್ರೂಗಢದಿಂದ ಅರುಣಾಚಲದ ಪಾಸಿಘಾಟ್‌ಗೆ 17 ಸೀಟಿನ ಡಾರ್ನಿಯರ್ 228 ವಿಮಾನ ಓಡಿಸಿತು. ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ವಿಮಾನ. ನೇರ ದೂರ ಸುಮಾರು 72 ಕಿಲೋಮೀಟರ್, ಕಲಬುರಗಿ ಬೀದರಿಗಿಂತ ಕಡಿಮೆ! ಆದರೆ ನಡುವೆ ಬ್ರಹ್ಮಪುತ್ರ ಇದೆ, ಆಚೆ ಬೆಟ್ಟಸಾಲು ಇದೆ, ಮಳೆಗಾಲದಲ್ಲಿ ರಸ್ತೆ ಇರುತ್ತದೆ ಎಂಬ ಭರವಸೆ ಇಲ್ಲ. ಅಲ್ಲಿ ಆ ವಿಮಾನ ಬೇಕು.

ಇನ್ನೂ ಬಡಗಣಕ್ಕೆ ಹೋದರೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳು. ಅಲ್ಲಿಯ ಲಾಂಗ್‌ಯೀರ್‌ಬ್ಯೆನ್ ನಿಲ್ದಾಣ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ವರ್ಷವಿಡೀ ಹೆಪ್ಪುಗಟ್ಟಿದ ನೆಲದ ಮೇಲೆ 1975ರಲ್ಲಿ ತೆರೆದದ್ದು. ಅಲ್ಲಿಂದ ನ್ಯೂ ಓಲೆಸುಂಡ್ ಎಂಬ ಸಂಶೋಧನಾ ಹಳ್ಳಿಗೆ 110 ಕಿಲೋಮೀಟರ್. ಅಲ್ಲಿಯೂ ಓಡುವುದು ಡಾರ್ನಿಯರ್ 228. ಇಪ್ಪತ್ತೈದು ನಿಮಿಷದ ಆಸುಪಾಸು. ಆ ಹಳ್ಳಿಯಲ್ಲಿ ಇಂಡಿಯಾದ ಹಿಮಾದ್ರಿ ಕೇಂದ್ರ 2008ರ ಜುಲೈಯಿಂದ ಇದೆ. 2023ರ ಡಿಸೆಂಬರ್‌ನಲ್ಲಿ, ಸೂರ್ಯ ಮೂಡದ ಚಳಿಗಾಲದಲ್ಲೂ ಅಲ್ಲಿ ಕೆಲಸ ಮಾಡಲು ಮೊದಲ ತಂಡ ಹೋಯಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಆ ಎರಡು ಊರುಗಳ ನಡುವೆ ರಸ್ತೆಯೇ ಇಲ್ಲ. ಹಿಮನದಿ, ಕಡಲಚಾಚು, ಬಿಳಿಕರಡಿ. ಆಗಲೇ ಹೇಳಿದ ರೇಖಾಂಶದ ಲೆಕ್ಕ ನೆನಪಿದೆಯೇ? ಅಲ್ಲಿ ಒಂದು ಡಿಗ್ರಿ ರೇಖಾಂಶ ಬರೀ 22 ಕಿಲೋಮೀಟರ್. ಭೂಪಟದಲ್ಲಿ ಆ ಎರಡು ಊರು ಕಣ್ಣಿಗೆ ಬಲುದೂರ ಕಾಣುತ್ತವೆ. ಹಾರಿದರೆ ಹುಮನಾಬಾದಿಗೆ ಬಸ್ಸು ಹತ್ತಿ ಟಿಕೆಟ್ ತೆಗೆದುಕೊಳ್ಳುವುದರೊಳಗೆ ಇಳಿಯುವ ಹೊತ್ತು. ಮಂಜು ಕವಿದರೆ ಮಾತ್ರ ದಿನಗಟ್ಟಲೆ ಹಾರಾಟ ಇಲ್ಲ.

ಸ್ಕಾಟ್ಲೆಂಡಿನ ಆರ್ಕ್ನಿಯಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿಲೋಮೀಟರಿಗೇ ವಿಮಾನ ಇದೆ, 1967ರಿಂದ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಒಲಿದ ಒಂದು ದಿನ 53 ಸೆಕೆಂಡಿನಲ್ಲಿ ಮುಗಿದದ್ದು ದಾಖಲೆ. ಅದೂ ನಡುವೆ ಕಡಲು ಇರುವುದರಿಂದ.

ನಮ್ಮ ಕಲಬುರಗಿ ಬೀದರಿನ ನಡುವೆ ಇರುವುದು ಕಡಲಲ್ಲ, ಕಮಲಾಪುರ, ಹುಮನಾಬಾದು. 110 ಕಿಲೋಮೀಟರಿನ ರೈಲುಹಾದಿ 2017ರ ಅಕ್ಟೋಬರ್ 29ರಂದು ತೆರೆಯಿತು. ಅದನ್ನು ಮುಗಿಸಲು ಎರಡು ದಶಕದ ಹತ್ತಿರ ಹಿಡಿಯಿತು, ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗ ಮಾಡಬೇಕಾಯಿತು. ಸ್ವಾಲ್ಬಾರ್ಡಿನ ಹಾರಾಟವೂ 110 ಕಿಲೋಮೀಟರ್, ನಮ್ಮ ಹಳಿಯೂ 110 ಕಿಲೋಮೀಟರ್. ಅವರಿಗೆ ಹಳಿ ಹಾಕುವ ಭಾಗ್ಯ ಇಲ್ಲ. ನಮಗೆ ಹಳಿ ಇದ್ದೂ ಸಭೆ ಸಮಾರಂಭದಲ್ಲಿ ಆಗಾಗ ವಿಮಾನದ ಬೇಡಿಕೆ ಕೇಳಿಬರುತ್ತದೆ. ಈ ಜೋಡಿಗೆ ವಿಮಾನ ಕೇಳುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಕಲಬುರಗಿಗೆ ಮೂರು ಕಿಲೋಮೀಟರಿಗೂ ಮಿಗಿಲಾದ ರನ್‌ವೇ ಇದೆ. ಅಲ್ಲಿಂದ ತಿರುಪತಿಗೆ, ದಿಲ್ಲಿಯ ಪಕ್ಕದ ಹಿಂಡನ್‌ಗೆ ಹಾರಾಟ ನಡೆದದ್ದುಂಟು. ಅಂಥ ದೂರದ ಊರುಗಳನ್ನು ಕೇಳಬೇಕು, ಕೊಟ್ಟದ್ದನ್ನು ವರ್ಷವಿಡೀ ನಿಲ್ಲಿಸಿಕೊಳ್ಳಬೇಕು.

ಎಣ್ಣೂರಿನ ನಮ್ಮಂಥವರ ಮಾತು ಬೇರೆ. ಚೆನ್ನೈಗೆ ಎರಡನೆಯ ವಿಮಾನ ನಿಲ್ದಾಣವನ್ನು ಕಾಂಚೀಪುರಂ ಜಿಲ್ಲೆಯ ಪರಂದೂರಿನಲ್ಲಿ ಕಟ್ಟುತ್ತೇವೆಂದು 2022ರಲ್ಲಿ ಹೇಳಿದರು. ಹೊಲಗದ್ದೆ ಬಿಟ್ಟುಕೊಡಲು ಒಪ್ಪದೆ ಅಲ್ಲಿಯ ಹಳ್ಳಿಯವರು ಪ್ರತಿಭಟಿಸುತ್ತಿದ್ದಾರೆ. ಅದು ಎದ್ದು ನಿಂತರೂ ನಮಗೆ ಮೀನಂಬಾಕ್ಕಂಗಿಂತ ದೂರವೇ ಆಗುತ್ತದೆ. ಆದ್ದರಿಂದ ಅಣ್ಣನ ಮಗನಿಗೆ ನಾನು ಹೇಳಿದ್ದು ಇದು. ಅವಸರದ ಸುದ್ದಿ ಬಂದರೆ ಹೈದರಾಬಾದಿಗೆ ಹಾರಿ ಅಲ್ಲಿಂದ ಕಾರು ಹಿಡಿಯುತ್ತೇನೆ, ಎಂಟು ಗಂಟೆ. ಅವಸರ ಇಲ್ಲದಿದ್ದರೆ ಸಂಜೆ ಲೋಕಲ್ ರೈಲಿನಲ್ಲಿ ಸೆಂಟ್ರಲ್‌ಗೆ ಬಂದು ಮುಂಬಯಿಯ ರೈಲು ಹತ್ತಿ ಮಲಗುತ್ತೇನೆ. ಗುಂತಕಲ್ಲು, ರಾಯಚೂರು, ವಾಡಿ ದಾಟಿ ಬೆಳಗಾಗುವಾಗ ಕಲಬುರಗಿ. 1871ರಲ್ಲಿ ರಾಯಚೂರಿನಲ್ಲಿ ಎರಡು ಕಂಪನಿಗಳ ಹಳಿ ಕೂಡಿದಂದಿನಿಂದ ಇರುವ ಹಾದಿ ಅದು. ಗಡಿಯಾರದ ಪ್ರಕಾರ ಹೊತ್ತು ಹೆಚ್ಚು, ಆದರೆ ಅದರಲ್ಲಿ ಎಂಟು ಗಂಟೆ ಹೇಗೂ ನಿದ್ದೆ ಮಾಡುವವನೇ.

“ಅಲ್ಲಿಂದ ಮುಂದ?” ಎಂದ ಅವನು. ಅಲ್ಲಿಂದ ಮುಂದೆ ಬೀದರಿನ ರೈಲು, ಮೂರು ಗಂಟೆಯ ಒಳಗೆ. ಮದರಾಸಿನ ರೈಲು ಇಳಿದವರಿಗೆ ಬೀದರಿನ ರೈಲು ಅರ್ಧ ಗಂಟೆಯಲ್ಲಿ ಸಿಗುವಂತೆ ಯಾರಾದರೂ ವೇಳಾಪಟ್ಟಿ ಜೋಡಿಸಿಕೊಟ್ಟರೆ ನಾನು ವಿಮಾನದ ಮಾತೇ ಎತ್ತುವುದಿಲ್ಲ. ಈ ಭಾಷಣವನ್ನು ರೈಲ್ವೆಯವರು ಕೇಳುತ್ತಿದ್ದರೆ ಇದೇ ನನ್ನ ಅರ್ಜಿ ಎಂದು ತಿಳಿಯಲಿ.